ವಿಟ್ಬಿ: ಮರಳು, ಮೀನು, 199 ಮೆಟ್ಟಿಲು

ಇಂಗ್ಲೆಂಡಿನ ಕಡಲೂರುಗಳಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಯಾರ್ಕ್‌ಷೈರಿನ ವಿಟ್ಬಿ. ಲಂಡನ್ನಿನಿಂದ ದೂರವೇ, ಮಿಡಲ್ಸ್‌ಬರೋದಲ್ಲಿ ರೈಲು ಬದಲಿಸಿದ ಮೇಲೂ ಎಸ್ಕ್ ನದಿಯ ಕಣಿವೆಯಲ್ಲಿ ಸುಮಾರು ಒಂದೂವರೆ ತಾಸು ಹಿಡಿಯುತ್ತದೆ.

ಬೀಚು ವೆಸ್ಟ್ ಕ್ಲಿಫ್ ಗುಡ್ಡದ ಕೆಳಗೆ. ಮೆತ್ತನೆ ಮರಳು, ಸಾಲಾಗಿ ಬಣ್ಣ ಬಳಿದ ಪುಟ್ಟ ಮರದ ಗುಡಿಸಲುಗಳು. ಇಳಿತದ ಹೊತ್ತು ನೋಡಿಕೊಂಡೇ ಹೋಗಿ, ಉಬ್ಬರ ಬಂದರೆ ಮರಳು ಬಹುಪಾಲು ನೀರಿನಡಿ. ನೀರಂತೂ ಬೇಸಿಗೆಯಲ್ಲೂ ಕಾಲು ಮರಗಟ್ಟುವಷ್ಟು ತಣ್ಣಗೆ.

ಊಟಕ್ಕೆ ಹಿಟ್ಟಿನಲ್ಲಿ ಅದ್ದಿ ಕರಿದ ಹ್ಯಾಡಕ್ ಮೀನೇ ಸೈ. ಹಿಟ್ಟಿನ ಕವಚ ಮುರಿದರೆ ಕರುಂ ಅನ್ನುತ್ತದೆ. ಒಳಗಿನ ಬಿಳಿ ಮಾಂಸ ಹಬೆಯಾಡುತ್ತಾ ಪದರಪದರವಾಗಿ ಬಿಡುತ್ತದೆ. ಮೇಲೆ ಉಪ್ಪು, ವಿನೆಗರ್, ಅಷ್ಟೇ. ಕಾರವಾರದ ಕಡೆಯವಳಾದ ನನಗೂ ಖಾರ ಬೇಕು ಅನ್ನಿಸಲಿಲ್ಲ. ಆದರೆ ಈ ಭಾಗದ ಬಹಳಷ್ಟು ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಬರೀ ಆಲೂ ಚಿಪ್ಸ್ (ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ) ಸಾಕು ಅನ್ನುವ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.

ಹೆನ್ರಿಯೆಟ್ಟಾ ಬೀದಿಯಲ್ಲಿ 1872ರಿಂದ ಹೆರಿಂಗ್ ಮೀನಿಗೆ ಹೊಗೆ ಹಾಕುತ್ತಿರುವ ಫಾರ್ಚೂನ್ಸ್ ಅಂಗಡಿಯ ಕಿಪ್ಪರ್ (ಹೊಗೆ ಹಾಕಿದ ಹೆರಿಂಗ್) ಕಟ್ಟಿಸಿಕೊಳ್ಳಿ. ಅಲ್ಲೇ ಹತ್ತಿರ 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಅದರಾಚೆ ಪಾಳುಬಿದ್ದ ಮಠ. ಬಂದರಿನ ದಂಡೆಯಲ್ಲಿ ಮಾತ್ರ ಚಿಪ್ಸ್ ಬಿಚ್ಚಬೇಡಿ, ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.