650 ರೂಪಾಯಿಯ ಲಾಜಿಕ್ ಅನಲೈಸರ್: ಸೈಕಲ್ ಎಣಿಸೋಕೆ ಸಾಕಾ?

ಕಲಬುರಗಿಯಲ್ಲಿ ಗೆಳೆಯನ ದಾಲ್ ಮಿಲ್ ಇದೆ. ಅವನ ಮೋಟರ್ ವೇಗ ತೋರಿಸೋಕೆ ಒಂದು ಡಬ್ಬಿ ಮಾಡಿಕೊಡುತ್ತಿದ್ದೆ. ಒಳಗೆ ಆರ್ಡುವಿನೊ ಉನೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್, ಶಾಫ್ಟಿಗೆ ಒಂದು ಸುತ್ತಿಗೆ 600 ಪಲ್ಸ್ ಕೊಡುವ ಎನ್‌ಕೋಡರ್. ಖಾಲಿ ಓಡಿಸಿದರೂ ವೇಗ ಕಡಿಮೆ ತೋರಿಸುತ್ತಿತ್ತು. ಲೆಕ್ಕ ಹಾಕಿ ನೋಡಿ: ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 14,400 ಪಲ್ಸ್. 16 ಮೆಗಾಹರ್ಟ್ಸ್‌ನ ಚಿಪ್‌ಗೆ ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಸಿಗೋದು ಸುಮಾರು 1,111 ಸೈಕಲ್, ಅಂದರೆ ಚಿಪ್‌ನ ಗಡಿಯಾರದ ಮಿಡಿತ. ಪಲ್ಸ್ ಬಂದಾಗಲೆಲ್ಲಾ ಬೇರೆ ಕೆಲಸ ನಿಲ್ಲಿಸಿ ಓಡುವ ನನ್ನ ಇಂಟರಪ್ಟ್ ಕೋಡ್ ಅಷ್ಟರೊಳಗೆ ಮುಗಿಯುತ್ತಿದೆಯಾ? ಅದನ್ನು ನೋಡೋಕೇ, ಪಿನ್ ಯಾವಾಗ ಆನ್, ಯಾವಾಗ ಆಫ್ ಅಂತ ತೆರೆಯ ಮೇಲೆ ತೋರಿಸುವ ಈ ಅನಲೈಸರ್ ತಗೊಂಡೆ.

ಊರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆ ಒಂದು ಅಂಗಡಿಯಲ್ಲಿ ಕೇಳಿದರೆ ಮಲ್ಟಿಮೀಟರ್ ತೆಗೆದು ಮುಂದಿಟ್ಟರು. ಅದಲ್ಲ ಅಂದೆ. "ಹೈದರಾಬಾದಿಂದ ತರಸಬೇಕ್ರಿ, ಎಂಟು ದಿನ ಆಗ್ತದ" ಅಂದರು. ಕೊನೆಗೆ ಆನ್‌ಲೈನ್‌ನಲ್ಲೇ ತರಿಸಿದೆ. ಬ್ರ್ಯಾಂಡ್ ಇಲ್ಲದ, ಎಂಟು ಚಾನೆಲ್‌ನ, 24 ಮೆಗಾಹರ್ಟ್ಸ್‌ನ (ಸೆಕೆಂಡಿಗೆ 2.4 ಕೋಟಿ ಸಲ ಸ್ಯಾಂಪಲ್ ತಗೊಳ್ಳುವ) ಪುಟ್ಟ ಡಬ್ಬಿ. ಬಳಸೋದು ಹೇಗೆ ಅಂತ ಒಂದು ಚೀಟಿಯೂ ಇರಲಿಲ್ಲ. ಪಲ್ಸ್‌ವ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ, ಸರಾಗವಾಗಿ ಓಡಿತು.

ಮೊದಲು ಕೋಡನ್ನು ಲ್ಯಾಪ್‌ಟಾಪ್‌ನಲ್ಲೇ ಎವಿಆರ್ ಸಿಮ್ಯುಲೇಟರ್‌ನಲ್ಲಿ (ಉನೊ ಚಿಪ್‌ನ ನಕಲು ಮಾಡುವ ಸಾಫ್ಟ್‌ವೇರ್) ಓಡಿಸಿದ್ದೆ. 1,180 ಸೈಕಲ್ ಅಂತ ಬಂತು, ಅಂದರೆ 73.75 ಮೈಕ್ರೋಸೆಕೆಂಡ್, ಸಿಗುವ 1,111 ಸೈಕಲ್‌ಗಿಂತ ಜಾಸ್ತಿ. ಒಂದೊಂದೇ ಸಾಲು ದಾಟಿಸುತ್ತಾ ಹೋದರೆ ಕಳ್ಳ ಸಿಕ್ಕಿಬಿದ್ದ: ಎರಡು ಫ್ಲೋಟ್ (ದಶಮಾಂಶ ಸಂಖ್ಯೆಯ) ಭಾಗಾಕಾರ. ಈ ಚಿಪ್‌ನಲ್ಲಿ ಭಾಗಿಸೋಕೆ ಅಂತ ಇನ್‌ಸ್ಟ್ರಕ್ಷನ್ನೇ ಇಲ್ಲ, ಎಲ್ಲಾ ಸಾಫ್ಟ್‌ವೇರ್‌ನಲ್ಲೇ ಆಗಬೇಕು, ಹಾಗಾಗಿ ಆ ಸಾಲು ಬಂದಾಗಲೆಲ್ಲಾ ಕೌಂಟರ್ ಒಂದೇ ಏಟಿಗೆ ನೂರಾರು ಹಾರುತ್ತಿತ್ತು.

ಆಮೇಲೆ ಅದೇ ಫಂಕ್ಷನ್ನನ್ನು ಲೂಪ್‌ನಲ್ಲಿ ಹಾಕಿ, ಶುರುವಿನಲ್ಲಿ 13ನೇ ಪಿನ್ ಆನ್, ಮುಗಿದ ಮೇಲೆ ಆಫ್ ಮಾಡಿ ಅನಲೈಸರ್‌ನಲ್ಲಿ ಹಿಡಿದೆ. ಇಲ್ಲಿ ಒಂದು ಮಾತು. ಪಿನ್‌ಗೆ ಆರ್ಡುವಿನೊದ ಡಿಜಿಟಲ್‌ರೈಟ್ ಫಂಕ್ಷನ್ ಬಳಸಬೇಡಿ, ಅದೇ ಮೂರ್ನಾಲ್ಕು ಮೈಕ್ರೋಸೆಕೆಂಡ್ ತಿನ್ನುತ್ತದೆ. ಪೋರ್ಟ್ ಬಿಟ್ಟನ್ನು ನೇರವಾಗಿ ಏರಿಸಿ ಇಳಿಸಿದರೆ ಎರಡೆರಡೇ ಸೈಕಲ್.

ತೆರೆಯ ಮೇಲೆ ಬಂದದ್ದು 73.9 ಮೈಕ್ರೋಸೆಕೆಂಡ್. ಸಿಮ್ಯುಲೇಟರ್ ಹೇಳಿದ್ದಕ್ಕೆ ಹತ್ತಿರವೇ ಅಲ್ವಾ? ಆ ಚೂರು ವ್ಯತ್ಯಾಸ ಚಿಪ್‌ಗೆ ಗಡಿಯಾರ ಕೊಡುವ ರೆಸೊನೇಟರ್‌ದು ಇರಬೇಕು, ಅದು ಕ್ರಿಸ್ಟಲ್‌ನಷ್ಟು ನಿಖರ ಅಲ್ಲ. ನಮ್ಮ ಬೇಸಿಗೆಗೆ ಅದು ಸ್ವಲ್ಪ ಆಚೀಚೆ ಆಗಬಹುದು, ಸೈಕಲ್ ಎಣಿಕೆ ಮಾತ್ರ ಬಿಸಿಲಿಗೆ ಬದಲಾಗಲ್ಲ.

ಆದರೆ ಭಾಳ ಖುಷಿಯಾದದ್ದು ಬೇರೆ ಕಡೆ. ಕೆಲವು ಪಲ್ಸ್‌ಗಳು ಆರೇಳು ಮೈಕ್ರೋಸೆಕೆಂಡ್ ಜಾಸ್ತಿ ಅಗಲ ಇದ್ದವು. ಅಳತೆಯೇ ತಪ್ಪಿರಬೇಕು ಅಂತ ವೈರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಅರ್ಧ ರಾತ್ರಿ ಸುಮ್ನೆ ಹೋಯಿತು. ಕೊನೆಗೆ ಜೂಮ್ ಕಡಿಮೆ ಮಾಡಿ ನೋಡಿದರೆ, ಆ ದಪ್ಪ ಪಲ್ಸ್‌ಗಳು ಬರುತ್ತಿದ್ದದ್ದು ಹೆಚ್ಚುಕಡಿಮೆ ಒಂದೊಂದು ಮಿಲಿಸೆಕೆಂಡಿಗೆ. ಆರ್ಡುವಿನೊದಲ್ಲಿ ಮಿಲಿಸ್ (ಮಿಲಿಸೆಕೆಂಡ್ ಎಣಿಸುವ ಫಂಕ್ಷನ್) ಲೆಕ್ಕಕ್ಕೆ 1.024 ಮಿಲಿಸೆಕೆಂಡಿಗೊಮ್ಮೆ ಟೈಮರ್ ಇಂಟರಪ್ಟ್ ಹೊಡೆಯುತ್ತದೆ, ಅದು ನಡುವೆ ನುಗ್ಗುತ್ತಿತ್ತು. ಸಿಮ್ಯುಲೇಟರ್‌ಗೆ ನಾನು ಬರೀ ಫಂಕ್ಷನ್ ಕೊಟ್ಟಿದ್ದೆ, ಅದಕ್ಕೆ ಇದು ಗೊತ್ತಾಗೋದು ಹೇಗೆ? ಕೋಡಿನ ಖರ್ಚು ಸಿಮ್ಯುಲೇಟರ್ ಹೇಳಿತು, ಬೋರ್ಡಿನಲ್ಲಿ ನಡೆಯೋದನ್ನು ಅನಲೈಸರ್ ತೋರಿಸಿತು. ಭಾಗಾಕಾರ ಎರಡನ್ನೂ ಇಂಟರಪ್ಟ್‌ನಿಂದ ಹೊರಗೆ ಹಾಕಿ, ಅಲ್ಲಿ ಎಣಿಕೆ ಮಾತ್ರ ಉಳಿಸಿದೆ. ನೂರು ಸೈಕಲ್ ಒಳಗೆ ಬಂತು, ಮಿಲ್ಲಿನಲ್ಲಿ ವೇಗವೂ ಸರಿ ತೋರಿಸುತ್ತಿದೆ.

ಈಗ ಬೈಗುಳ. ಇದರೊಳಗೆ ಮೆಮೊರಿ ಇಲ್ಲ, ಹಿಡಿದದ್ದನ್ನು ಯುಎಸ್‌ಬಿಯಲ್ಲಿ ಹಾಗೇ ಸುರಿಯುತ್ತದೆ. ಹಬ್‌ಗೆ ಚುಚ್ಚಿದಾಗ 24 ಮೆಗಾಹರ್ಟ್ಸ್‌ನಲ್ಲಿ ನಡುವೆಯೇ ನಿಂತುಬಿಡುತ್ತಿತ್ತು, ಲ್ಯಾಪ್‌ಟಾಪ್‌ಗೆ ನೇರ ಹಾಕಿದ ಮೇಲೆ ಆ ಕಾಟ ಹೋಯಿತು. ಜೊತೆಗೆ ಬಂದ ವೈರ್‌ಗಳು ಸಡಿಲ, ಕ್ಲಿಪ್ ಅಂತೂ ಮುಟ್ಟಿದರೆ ಕಳಚುತ್ತದೆ.

ಇನ್ನು ಬ್ಲೂ ಪಿಲ್ ಅನ್ನೋ ಇನ್ನೂ ವೇಗದ ಕಂಟ್ರೋಲರ್ ಬೋರ್ಡಿಗೆ ಇದನ್ನು ತಗೊಳ್ಳೋಣ ಅಂತಿದ್ದರೆ, ಸೈಕಲ್ ಎಣಿಸೋಕೆ ಬೇಡ. ಅದರ ಎಸ್‌ಟಿಎಂ32 ಚಿಪ್ ಓಡೋದು 72 ಮೆಗಾಹರ್ಟ್ಸ್‌ನಲ್ಲಿ, ಇದು ಒಂದು ಸ್ಯಾಂಪಲ್ ತಗೊಳ್ಳೋದರಲ್ಲಿ ಅಲ್ಲಿ ಮೂರು ಸೈಕಲ್ ಕಳೆದಿರುತ್ತದೆ. ಆ ಚಿಪ್ ಒಳಗೇ ಡಿಡಬ್ಲ್ಯುಟಿ ಅನ್ನೋ ಭಾಗದಲ್ಲಿ ಸೈಕಲ್ ಕೌಂಟರ್ ಇದೆ, ಆನ್ ಮಾಡಿ, ಕೋಡಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿ ಕಳೆದರೆ ಆಯಿತು. 32 ಬಿಟ್‌ನದು, ಹೆಚ್ಚುಕಡಿಮೆ ಒಂದು ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರು. ಆ ವೇಗದಲ್ಲಿ ಕೋಡ್ ಇರುವ ಫ್ಲ್ಯಾಶ್ ಮೆಮೊರಿಗೆ ಎರಡು ವೇಟ್ ಸ್ಟೇಟ್ (ಕಾಯುವ ಸೈಕಲ್) ಬೇಕು, ಹಾಗಾಗಿ ಇನ್‌ಸ್ಟ್ರಕ್ಷನ್ ಪಟ್ಟಿ ಹಿಡಿದು ಕಾಗದದ ಮೇಲೆ ಕೂಡಿಸಿದ ಲೆಕ್ಕ ಅಲ್ಲಿ ಕೂಡಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಟ್ ಆದ ಒಂದು ಕ್ಲಿಪ್‌ಗಳದ್ದು, ಅವನ್ನು ಬೇರೆ ಕೊಂಡುಕೊಳ್ಳಿ.