ಪೆರುವಿನ ಮೋಚೆ ಮುಖದ ಹೂಜಿ: ದಾವಣಗೆರೆಗೆ ಬಂದ ಒಂದು ಒಳ್ಳೆಯ ನಕಲು

ಮೊದಲೇ ಹೇಳಿಬಿಡುತ್ತೇನೆ, ಇದು ಹಳೇ ಕಾಲದ್ದಲ್ಲ, ನಕಲು. ನಕಲು ಅಂತಲೇ ನೋಡಿ ಕೊಂಡಿದ್ದು. ಕೊಲಂಬಸ್ ಅಮೆರಿಕಕ್ಕೆ ಹೋಗುವುದಕ್ಕೆ ಎಷ್ಟೋ ಮುಂಚೆ, ಸುಮಾರು ಕ್ರಿ.ಶ. 100ರಿಂದ 800ರವರೆಗೆ ಪೆರುವಿನ ಉತ್ತರ ಕರಾವಳಿಯಲ್ಲಿ ಮೋಚೆ ಅನ್ನುವ ಜನ ಇದ್ದರು. ಅವರು ಮನುಷ್ಯರ ಮುಖವನ್ನೇ ಹೂಜಿ ಮಾಡುತ್ತಿದ್ದರು. ಅದರದೇ ಮಾದರಿಯಲ್ಲಿ ಈಗಿನ ಪೆರುವಿನ ಕುಂಬಾರರು ಮಾಡಿದ್ದನ್ನು ಆನ್‌ಲೈನ್‌ನಲ್ಲಿ ತರಿಸಿದೆ.

ನಾನು ಆರಿಸಿದ್ದು ತುಟಿ ಮೇಲೆ ಗಾಯದ ಗುರುತಿರುವ ಮುಖ. ಇದಕ್ಕೊಂದು ಕಥೆ ಇದೆ. ಕ್ರಿಸ್ಟೋಫರ್ ಡೊನ್ನನ್ ಅನ್ನುವ ವಿದ್ವಾಂಸರು ಮೋಚೆ ಹೂಜಿಗಳನ್ನೆಲ್ಲ ಹೋಲಿಸಿ ನೋಡುವಾಗ, ಒಬ್ಬನೇ ಮನುಷ್ಯ, ಅದೇ ಗಾಯ, ಹುಡುಗನಾಗಿದ್ದಾಗಿನಿಂದ ದೊಡ್ಡವನಾಗುವವರೆಗೂ ಬೇರೆ ಬೇರೆ ಹೂಜಿಗಳಲ್ಲಿ ಸಿಕ್ಕಿದ್ದಾನೆ. ಸಾವಿರದೈನೂರು ವರ್ಷದ ಹಿಂದಿನವನ ಫೋಟೋ ಆಲ್ಬಮ್ ಸಿಕ್ಕಂತೆ ಅಲ್ವಾ!

ಕೈಗೆ ಬಂದ ಮೇಲೆ ನೋಡಿದರೆ ಕೆಲಸ ಚೆನ್ನಾಗಿದೆ. ಕೆಂಪು ಮತ್ತು ಕೆನೆ ಬಣ್ಣದ ಮಣ್ಣಿನ ಲೇಪ, ಗಾಜಿನ ಹೊಳಪಿಲ್ಲ, ಉಜ್ಜಿ ತಂದ ನುಣುಪು ಮಾತ್ರ. ಅಸಲಿ ಮೋಚೆ ಹೂಜಿಗೂ ಗ್ಲೇಜ್ ಇರಲಿಲ್ಲ, ಹಾಗಾಗಿ ಇಲ್ಲಿ ಮೋಸ ಮಾಡಿಲ್ಲ. ಕಿವಿಯ ಹಿಂದೆ ಬೆರಳು ಎಳೆದರೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಸಣ್ಣಗೆ ತಗಲುತ್ತದೆ. ಮೋಚೆಯವರೂ ಅಚ್ಚಿನಲ್ಲೇ ತೆಗೆಯುತ್ತಿದ್ದರು, ಆದರೆ ಗೆರೆಯನ್ನು ಇನ್ನೂ ಚೆನ್ನಾಗಿ ಸವರುತ್ತಿದ್ದರು. ಗಾಯದ ಗುರುತು ಮಾತ್ರ ಮಸುಕಾಗಿದೆ, ಅಚ್ಚು ಸವೆದಿರಬೇಕು. ಲಿಮಾದ ಲಾರ್ಕೊ ಮ್ಯೂಸಿಯಂ ತನ್ನ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ, ಕಾಸು ಕೊಡಬೇಕಿಲ್ಲ. ಕೊಳ್ಳುವ ಮುಂಚೆ ಅಲ್ಲಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿ.

ನಮ್ಮೂರಲ್ಲಿ ಮಡಕೆ ಮಾಡುವ ಪರಿಚಯದ ಅಣ್ಣನಿಗೆ ತೋರಿಸಿದೆ. ಆ ಕಾಲದ ಅಮೆರಿಕದಲ್ಲಿ ತಿಗರಿಯೇ ಇರಲಿಲ್ಲ ಅಂದಿದ್ದಕ್ಕೆ ನಂಬಲೇ ಇಲ್ಲ. "ತಿಗರಿ ಇಲ್ದೆ ಇಷ್ಟು ತೆಳ್ಳಗ ಹೆಂಗ್ ಬಂತು ತಮ್ಮಾ?" ಅಂದರು. ಆಮೇಲೆ ಮುಖ ಬಿಟ್ಟು ತಲೆ ಮೇಲಿನ ಹಿಡಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಅದು ಕಮಾನಿನ ಹಾಗೆ ಬಾಗಿದ ಟೊಳ್ಳು ಕೊಳವೆ, ನಡುವಿನಿಂದ ಬಾಯಿ ಮೇಲಕ್ಕೆ ಎದ್ದಿದೆ. ಕೊಳವೆ, ಹೂಜಿ ಎರಡೂ ಒಂದೇ ಹದಕ್ಕೆ ಒಣಗಿದಾಗ ಅಂಟಿಸಬೇಕು, ಇಲ್ಲದಿದ್ದರೆ ಸುಡುವಾಗ ಬಿಟ್ಟುಕೊಳ್ಳುತ್ತದೆ ಅಂತ ಅವರೇ ವಿವರಿಸಿದರು.

ನನ್ನದರಲ್ಲಿ ಬಿಟ್ಟಿದ್ದೂ ಅಲ್ಲೇ, ಆದರೆ ಸುಡುವಾಗ ಅಲ್ಲ, ಸಾಗಿಸುವಾಗ. ಪ್ಯಾಕಿಂಗ್ ದಂಡ. ಅಷ್ಟು ದೂರದಿಂದ ಬರುವ ಮಣ್ಣಿನ ವಸ್ತುವಿಗೆ ಒಂದು ಸುತ್ತು ಬಬಲ್ ಶೀಟ್, ಉಳಿದ ಜಾಗಕ್ಕೆ ಮುದುಡಿದ ಪೇಪರ್! ಹಿಡಿಯ ಬುಡದಲ್ಲಿ ಕೂದಲೆಳೆ ಬಿರುಕು ಬಿಟ್ಟಿತ್ತು. ಅಂಗಡಿಯವರಿಗೆ ಬಿರುಕಿನ ಫೋಟೋ ಕಳಿಸಿದ್ದಕ್ಕೆ, ಮುಂದಿನ ಸಲ ಡಿಸ್ಕೌಂಟ್ ಕೊಡುತ್ತೇವೆ ಅಂತ ಉತ್ತರ. ಬಿರುಕಿಗೆ ಮುಂದಿನ ಸಲ ಯಾಕೆ ಬೇಕು ಸ್ವಾಮಿ?

ನನಗೆ ಇದಕ್ಕಿಂತ ಸಿಟ್ಟು ಬಂದಿದ್ದು ಅದೇ ಜಾಲತಾಣದ ಇನ್ನೊಂದು ಪುಟ ನೋಡಿ. "ಅಸಲಿ, 1500 ವರ್ಷ ಹಳೆಯದು, ಸರ್ಟಿಫಿಕೇಟ್ ಸಮೇತ." ಇಂಥದ್ದನ್ನು ದಯವಿಟ್ಟು ಮುಟ್ಟಬೇಡಿ. ಸುಳ್ಳಾಗಿದ್ದರೆ ದುಡ್ಡು ಹೋಯಿತು. ನಿಜವಾಗಿದ್ದರೆ ಇನ್ನೂ ಕೆಟ್ಟದ್ದು, ಯಾವುದೋ ಗೋರಿ ಅಗೆದು ಕದ್ದ ಮಾಲು ಆಗಿರುವ ಸಂಭವವೇ ಜಾಸ್ತಿ. ಇಂಥವನ್ನು ದೇಶದಿಂದ ಹೊರಗೆ ಸಾಗಿಸಲು ಪೆರುವಿನ ಕಾನೂನು ಬಿಡುವುದಿಲ್ಲ. 1987ರಲ್ಲಿ ಪೆರುವಿನ ಸಿಪಾನ್‌ನಲ್ಲಿ ಕಳ್ಳರು ಅಗೆಯಲು ಶುರು ಮಾಡಿದ ಮೇಲೆ ಪುರಾತತ್ವಜ್ಞ ವಾಲ್ಟರ್ ಆಲ್ವಾ ತಂಡ ಹೋಗಿ ಕಾಪಾಡಿದ್ದಕ್ಕೇ ಮೋಚೆ ದೊರೆಯ ಗೋರಿ ಹಾಗೇ ಸಿಕ್ಕಿತು. ಇನ್ನು ಸರ್ಟಿಫಿಕೇಟ್ ಮಾತು. ಮೆಕ್ಸಿಕೋದ ಬ್ರಿಹಿದೊ ಲಾರಾ ಅನ್ನುವವನನ್ನು 1974ರಲ್ಲಿ ಪ್ರಾಚೀನ ವಸ್ತು ಕದ್ದ ಅಂತ ಹಿಡಿದಾಗ, ಅವನು ಜೈಲಿಗೇ ಜೇಡಿಮಣ್ಣು ತರಿಸಿಕೊಂಡು ಅಂಥದ್ದೇ ಮಾಡಿ ತೋರಿಸಿ, ಅವೆಲ್ಲ ತನ್ನ ಕೈಕೆಲಸ ಅಂತ ಸಾಬೀತು ಮಾಡಿ ಹೊರಗೆ ಬಂದ! ಪಂಡಿತರೇ ಏಮಾರಿದ ಮೇಲೆ ಒಂದು ಹಾಳೆ ಸರ್ಟಿಫಿಕೇಟ್ ಯಾವ ಲೆಕ್ಕ?

ಮೋಚೆಯದ್ದಲ್ಲದಿದ್ದರೂ ಹಳೇ ಕಾಲದ ಅಸಲಿ ವಸ್ತುವನ್ನೇ ನೋಡಬೇಕು ಅನ್ನುವವರು ಚಿತ್ರದುರ್ಗಕ್ಕೆ ಹೋಗಿ, ಸರ್ಕಾರಿ ಮ್ಯೂಸಿಯಂ ನೋಡಿ, ಹಾಗೇ ಚಂದ್ರವಳ್ಳಿಗೂ ಹೋಗಿ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿ ಪದರ ಪದರವಾಗಿ ಅಗೆಸಿದರು. ಶಾತವಾಹನರ ಕಾಲದ ಮಡಕೆ ಚೂರುಗಳ ಜೊತೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯವೂ ಸಿಕ್ಕಿದ್ದರಿಂದ ಆ ಚೂರುಗಳ ಕಾಲ ಹೇಳಲು ಆಧಾರ ಸಿಕ್ಕಿತು. ಯಾರೋ ಚೂರು ಮಾತ್ರ ಎತ್ತಿಕೊಂಡು ಹೋಗಿ ಶೋಕೇಸಲ್ಲಿಟ್ಟಿದ್ದರೆ ಅದು ಸುಮ್ನೆ ಚೂರು.

ಹೂಜಿಗೆ ಐದಕ್ಕೆ ನಾಲ್ಕು, ಅಂಗಡಿಗೆ ಎರಡು. ತರಿಸುವವರು ತಳದಲ್ಲಿ ಮಾಡಿದವರ ಗುರುತು ಕೆತ್ತಿದೆಯಾ ಅಂತ ಮೊದಲು ಕೇಳಿ, ನಾಳೆ ಬೇರೆಯವರ ಕೈಗೆ ಹೋದಾಗ ಅದನ್ನು ಹಳೆಯದು ಅಂತ ಮಾರಲು ಆಗಬಾರದು. ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ. ನೀರು ತುಂಬಿಡಬೇಡಿ, ಜಿನುಗುತ್ತದೆ.