ಟಿಕೋಟಾದ ಚಾಸಿ, ವಾಸ್ಕೋದ ಬಾಡಿ: ನಮ್ಮ ಜಿಪ್ಸಿಗೆ ನಾಲ್ಕು ಮಳೆಗಾಲ

2021ರ ಸೆಪ್ಟೆಂಬರಿನಲ್ಲಿ ಪಂಕ್ಚರ್ ಆದ ಚಕ್ರ ಬಿಚ್ಚಲು ಅಪ್ಪನ ಮಾರುತಿ ಜಿಪ್ಸಿ ಜೀಪಿಗೆ ಜ್ಯಾಕಿ ಕೊಟ್ಟೆ. ಗಾಡಿ ಮೇಲೆ ಬರಲಿಲ್ಲ. ಜ್ಯಾಕಿಯೇ ಚಾಸಿಯೊಳಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನೊಳಗೆ, ಹೋಯಿತು. ಕರ್ರ್ ಅಂತ ಸದ್ದಾಗಿ ಹಪ್ಪಳದಂಥ ಕೆಂಪು ಚೂರುಗಳು ಅಂಗಳದ ತುಂಬ ಬಿದ್ದವು. ಜಿಪ್ಸಿಗೆ ಜ್ಯಾಕಿ ಕೊಡಬೇಕಾದದ್ದು ಆಕ್ಸಲ್ (ಚಕ್ರಗಳ ಅಚ್ಚು) ಕೆಳಗೆ. ನಾನು ಸೋಮಾರಿತನದಿಂದ ಚಾಸಿಗೆ ಕೊಟ್ಟಿದ್ದೆ. ಆಕ್ಸಲ್‌ಗೆ ಕೊಟ್ಟಿದ್ದರೆ ಇನ್ನೂ ಎರಡು ವರ್ಷ ಏನೂ ಗೊತ್ತಾಗದೆ ಘಾಟ್ ಇಳಿಯುತ್ತಿದ್ದೆವೇನೋ.

ಗೋವಾದ ವಾಸ್ಕೋದಲ್ಲಿ ಇದು ಹೊಸ ಕತೆಯಲ್ಲ. ನಮ್ಮ ಮನೆಯಿಂದ ಸಮುದ್ರ ಒಂದು ಕಿಲೋಮೀಟರೂ ಇಲ್ಲ. ಕಿಟಕಿ ಸರಳು, ಸೈಕಲ್ ಚೈನು, ಫ್ರಿಜ್ಜಿನ ಕಾಲು, ಎಲ್ಲಕ್ಕೂ ಜಂಗು (ತುಕ್ಕು). ಗಾಡಿ 1998ರ ಜಿಪ್ಸಿ ಕಿಂಗ್, ಬಟ್ಟೆಯ ಹುಡ್ ಇರುವ ಸಾಫ್ಟ್ ಟಾಪ್. ಅಪ್ಪ ಬಂದರಿನ ಕೆಲಸದಲ್ಲಿದ್ದಾಗ ತಗೊಂಡಿದ್ದು. ಪ್ರತಿ ಭಾನುವಾರ ತೊಳೆದು ಪಾಲಿಶ್ ಹೊಡೆಯುತ್ತಿದ್ದರು. ಹಾಗಾಗಿ ಬಾಡಿ ಪರವಾಗಿರಲಿಲ್ಲ. ಆದರೆ ಪೈಪು ಹಿಡಿದು ಗಾಡಿಯ ಕೆಳಗೆ ನೀರು ಬಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಜಿಪ್ಸಿಯ ಚಾಸಿ ಏಣಿಯ ಥರ ಇರುತ್ತದೆ. ಎರಡು ಉದ್ದದ ಟೊಳ್ಳು ತೊಲೆ, ನಡುವೆ ಅಡ್ಡ ಪಟ್ಟಿಗಳು. ಹಿಂದಿನ ಆಕ್ಸಲ್ ದಾಟಲು ತೊಲೆ ಮೇಲೆ ಬಾಗುತ್ತದೆ. ಮಣ್ಣು, ಉಪ್ಪು, ನೀರು ಅಲ್ಲೇ ಸೇರಿಕೊಳ್ಳುತ್ತವೆ. ಒಳಗೆ ಹೋದ ನೀರು ಹೊರಗೆ ಬರುವುದು ಕಷ್ಟ. ಒಳಗಿನಿಂದಲೇ ತಿಂದು, ಕೊನೆಗೆ ಕರಿ ಬಣ್ಣದ ಸಿಪ್ಪೆ ಮಾತ್ರ ಉಳಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ನಮ್ಮದು ಮಡಕೆ ಥರ ಡಬ್ ಅಂದಿತು. ಪಾಟಾವನ್ನು (ಪಟ್ಟಿ ಸ್ಪ್ರಿಂಗ್) ಚಾಸಿಗೆ ಹಿಡಿಯುವ ಕೊಂಡಿ, ಅಂದರೆ ಶ್ಯಾಕಲ್, ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಪೂರ್ತಿ ಒಳಗೆ ಹೋಯಿತು.

ಪತ್ರಾ (ತಗಡು) ತುಂಡು ಕೂಡಿಸಿ ವೆಲ್ಡ್ ಮಾಡುತ್ತೇವೆ ಎಂದವರು ಮೂರು ಜನ. ಆದರೆ ಕಾಗದದಷ್ಟು ತೆಳುವಾದ ಕಬ್ಬಿಣಕ್ಕೆ ಹೊಸ ಪತ್ರಾ ಹಚ್ಚಿದರೆ, ಹಚ್ಚಿದ ಅಂಚಿನ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಹರಿದ ಧೋತರಕ್ಕೆ ಜೀನ್ಸ್ ತ್ಯಾಪೆ ಹಾಕಿದ ಹಾಗೆ. ಒಣ ಊರಿನಲ್ಲಿ ಓಡಿದ ಇನ್ನೊಂದು ಜಿಪ್ಸಿ ಹುಡುಕಿ, ಅದರ ಚಾಸಿ ಮೇಲೆ ನಮ್ಮ ಬಾಡಿ ಕೂರಿಸುವುದು ಅಂತ ತೀರ್ಮಾನ ಆಯಿತು.

ನಮ್ಮ ಸೋದರಮಾವ ಇರುವುದು ವಿಜಯಪುರದ ಹತ್ತಿರ ಟಿಕೋಟಾದಲ್ಲಿ. ದ್ರಾಕ್ಷಿ ಬೆಳೆಯುವ ಒಣ ಸೀಮೆ. ಅವರ ಪರಿಚಯದ ರೈತರೊಬ್ಬರ ತೋಟದಲ್ಲಿ 2008ರ ಜಿಪ್ಸಿ ನಿಂತಿತ್ತು. ಗಾಳಿಗೆ ಬೇವಿನ ಮರ ಬಿದ್ದು ಬಾಡಿ ಅಪ್ಪಚ್ಚಿ. ಹುಡ್ ಕಂಬಿ, ಬಾಗಿಲು, ಡ್ಯಾಶ್‌ಬೋರ್ಡು ಎಲ್ಲಾ ಹೋಗಿತ್ತು. ಕೆಳಗಿನ ಸಾಮಾನು ಮಾತ್ರ ಹಾಗೇ ಇತ್ತು. ಅಪಘಾತದ ಗಾಡಿಯಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಎದುರಿನಿಂದ ಬಡಿದ ಗಾಡಿಯ ಚಾಸಿ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಆದರೂ ದಾರ ಮತ್ತು ತೂಕದ ಗುಂಡು ತಗೊಂಡು ಹೋಗಿ, ಸಿಮೆಂಟ್ ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆದೆ. ಎರಡು ಕರ್ಣಗಳ ನಡುವೆ 3 ಮಿಲಿಮೀಟರ್ ವ್ಯತ್ಯಾಸ. ಸಾಕು ಅಂತ ಒಪ್ಪಿಕೊಂಡೆ. ಒಂದು ಕಡೆ ಮಾತ್ರ ಹಿಂದಿನ ಅಡ್ಡ ಪಟ್ಟಿಯಲ್ಲಿ ಜಂಗಿನ ಕಲೆ. ವರ್ಷಗಟ್ಟಲೆ ಗೊಬ್ಬರದ ಚೀಲ ಹೇರಿದ್ದಾರೆ. ಹಳ್ಳಿ ಗಾಡಿ ತಗೊಳ್ಳುವಾಗ ಇದನ್ನು ನೋಡಿ, ಗೊಬ್ಬರವೂ ಉಪ್ಪೇ.

ಮಾವ ನನ್ನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ, "ಇಷ್ಟ ರೊಕ್ಕ ಸುರದ್ರ ಹೊಸಾ ಗಾಡಿನ ಬರ್ತಿತ್ತಲ್ಲೋ ತಮ್ಮಾ" ಅಂದರು. ಬರುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಗದಪತ್ರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕಂದ್ರೆ ಎಲ್ಲರೂ ಎಡವುವುದು ಇಲ್ಲೇ. ನನ್ನ ಲೆಕ್ಕದಲ್ಲಿ ಅದು ಅಪ್ಪನ ಗಾಡಿ, ಕೆಳಗಿನ ಭಾಗ ಮಾತ್ರ ಬೇರೆ. ಕಾನೂನಿನ ಲೆಕ್ಕ ಉಲ್ಟಾ. ಗಾಡಿ ಅಂದರೆ ಚಾಸಿ ನಂಬರು ಮತ್ತು ಎಂಜಿನ್ ನಂಬರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡುವಂತಿಲ್ಲ. ಹಳೆ ನಂಬರು ಉಜ್ಜಿ ಅಪ್ಪನ ಗಾಡಿಯ ನಂಬರು ಹೊಡೆದು ಕೊಡುತ್ತೇನೆ ಅಂತ ಒಬ್ಬ ಮಿಸ್ತ್ರಿ ಎರಡು ಸಾವಿರಕ್ಕೆ ಮುಂದೆ ಬಂದ. ಅದು ಕಳ್ಳಗಾಡಿಯವರು ಮಾಡುವ ಕೆಲಸ. ಸಿಕ್ಕಿಬಿದ್ದರೆ ಗಾಡಿಯೂ ಹೋಗುತ್ತದೆ, ನಾವೂ ಹೋಗುತ್ತೇವೆ.

ಹಾಗಾಗಿ ಟಿಕೋಟಾದ ಗಾಡಿಯನ್ನೇ ಗಾಡಿ ಅಂತ ಉಳಿಸಿಕೊಂಡೆವು. ಅದರ ಚಾಸಿ, ಅದರ ಎಂಜಿನ್, ಅದರ ಆರ್‌ಸಿ. ವಿಜಯಪುರದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು, ಗೋವಾದಲ್ಲಿ ತೆರಿಗೆ ಕಟ್ಟಿ, ಹೊಸ ನಂಬರು ಪಡೆದದ್ದಾಯಿತು. ಅಪ್ಪನ ಗಾಡಿಯ ನೋಂದಣಿ ರದ್ದು. ಅವರ ಗಾಡಿ ಕಡು ಹಸಿರು. ಟಿಕೋಟಾದ್ದು ಆರ್‌ಸಿಯಲ್ಲಿ ಬಿಳಿ. ಬಣ್ಣ ಬದಲಿಸಲು ಮತ್ತೊಂದು ಅರ್ಜಿ, ಮತ್ತೊಂದು ತಿರುಗಾಟ ಅಂತ ಬಿಳಿಯನ್ನೇ ಹೊಡೆಸಿದೆ. ಅಪ್ಪ ಒಂದು ವಾರ ಗಾಡಿ ಹತ್ತಿರ ಬರಲಿಲ್ಲ. ಎರಡೂ ಸಾಫ್ಟ್ ಟಾಪ್ ಆಗಿದ್ದದ್ದು ಪುಣ್ಯ. ಇಲ್ಲದಿದ್ದರೆ ಬಾಡಿ ವಿಷಯದಲ್ಲೂ ಇದೇ ರಗಳೆ ಆಗುತ್ತಿತ್ತು.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಏನೂ ಮೂಡಲಿಲ್ಲ! ನಮ್ಮ ಪೇಂಟರ್ ಮೂರು ಕೋಟ್ ಬಣ್ಣ ಹೊಡೆದು ಅಂಕಿಗಳನ್ನೇ ಮುಚ್ಚಿದ್ದ. ಅಲ್ಲೇ ಕುಳಿತು ಥಿನ್ನರ್ ಮತ್ತು ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಅರ್ಧ ಗಂಟೆ ತಿಕ್ಕಿದೆ. ಬಣ್ಣ ಹೊಡೆಸುವ ಮೊದಲು ನಂಬರಿನ ಮೇಲೆ ಟೇಪ್ ಹಚ್ಚಿ, ಆಮೇಲೆ ಅಲ್ಲಿಗೆ ಬರೀ ಗ್ರೀಸ್ ಸವರಿ.

ಕೆಲಸ ನಡೆದದ್ದು ವೆರ್ಣಾ ಕಡೆಯ ಒಂದು ಗ್ಯಾರೇಜಿನಲ್ಲಿ, ನವೆಂಬರಿನಿಂದ ಮೇ ತನಕ. ಎರಡು ತಿಂಗಳು ಅಂದಿದ್ದರು. ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್, ಸತುವಿನ ಪ್ರೈಮರ್, ಮೇಲೆ ಎಪಾಕ್ಸಿ ಬಣ್ಣ. ಬಿಸಿ ಸತುವಿನಲ್ಲಿ ಮುಳುಗಿಸುವ ಗ್ಯಾಲ್ವನೈಸಿಂಗ್ ಆಸೆ ಇತ್ತು. ಆದರೆ ಸುಮಾರು 450 ಡಿಗ್ರಿ ಶಾಖಕ್ಕೆ ತೆಳು ಪತ್ರಾದ ಉದ್ದ ತೊಲೆ ಸೊಟ್ಟಗಾಗುವ ಭಯದಿಂದ ಬಿಟ್ಟೆ. ತೊಲೆಯ ಒಳಗೆ ಉದ್ದ ಪೈಪಿನ ನಾಜಲ್ ಹಾಕಿ ಜಂಗು ತಡೆಯುವ ವ್ಯಾಕ್ಸ್ (ಮೇಣ) ಸಿಂಪಡಿಸಿದೆವು. ಈ ಇಡೀ ಯೋಜನೆಯಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ದುಡ್ಡು ಆ ವ್ಯಾಕ್ಸಿನದು.

ಬಾಡಿ ಕೂರಿಸಿದ್ದು ಅರ್ಧ ದಿನದ ಕೆಲಸ. ಎಂಟು ಜನ ಎತ್ತಿದರು, ಬೋಲ್ಟಿನ ತೂತುಗಳು ಸರಿಯಾಗಿ ಕೂಡಿದವು. ಎರಡೂ ಕಿಂಗ್ ಮಾದರಿಯಾದ್ದರಿಂದ ಇದು ಸಾಧ್ಯವಾಯಿತು. ತಲೆನೋವು ಕೊಟ್ಟದ್ದು ವೈರಿಂಗ್. 1998ರದ್ದು ಕಾರ್ಬ್ಯುರೇಟರ್ ಗಾಡಿ. 2008ರದ್ದು ಎಂಪಿಎಫ್‌ಐ, ಅಂದರೆ ಪೆಟ್ರೋಲ್ ಪಂಪು ಟ್ಯಾಂಕಿನೊಳಗೆ, ಮೇಲೆ ಕಂಪ್ಯೂಟರ್ ಪೆಟ್ಟಿಗೆ. ಹಾಗಾಗಿ ಟಿಕೋಟಾ ಗಾಡಿಯ ಟ್ಯಾಂಕು, ವೈರಿಂಗ್, ಮೀಟರು ಎಲ್ಲವನ್ನೂ ನಮ್ಮ ಬಾಡಿಗೆ ತೂರಿಸಬೇಕಾಯಿತು. ಎಲೆಕ್ಟ್ರಿಷಿಯನ್ ಗದಗದ ಕಡೆಯವರು. ಹನ್ನೊಂದು ದಿನ ಬಾಯಲ್ಲಿ ಟೇಪ್ ಕಚ್ಚಿಕೊಂಡೇ ಕೆಲಸ ಮಾಡಿದರು.

ಈಗ ಬಳಕೆಯ ಮಾತು. 2022ರ ಮೇ ತಿಂಗಳಿಂದ ಇಲ್ಲಿತನಕ 31,000 ಕಿಲೋಮೀಟರ್ ಓಡಿದೆ. ಚಾಸಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಕೊಟ್ಟದ್ದೆಲ್ಲ ಹಳೆ ಗಾಡಿಯಿಂದ "ಇದು ಚೆನ್ನಾಗಿದೆ ಬಿಡಿ ಸರ" ಅಂತ ಗ್ಯಾರೇಜಿನವರು ಹೇಳಿದ್ದಕ್ಕೆ ಉಳಿಸಿಕೊಂಡ ಸಣ್ಣಪುಟ್ಟ ಸಾಮಾನುಗಳೇ.

ಮೊದಲ ಮಳೆಗಾಲದಲ್ಲಿ ಹೆಡ್‌ಲೈಟು ಮಂಕಾಗತೊಡಗಿತು. ಜೋರು ಮಳೆಯಲ್ಲಿ ವೈಪರ್ ಹಾಕಿದರೆ ಎಂಜಿನ್ ತೊದಲುತ್ತಿತ್ತು. ಬ್ಯಾಟರಿ ಬದಲಿಸಿದೆ, ಆಲ್ಟರ್ನೇಟರ್ ತೋರಿಸಿದೆ. ದುಡ್ಡು ದಂಡ. ಕೊನೆಗೆ ಗೊತ್ತಾದ ಕಾರಣ ಕೇಳಿದರೆ ನಗು ಬರುತ್ತದೆ. ಚಾಸಿಗೆ ಅಷ್ಟು ದಪ್ಪ ಬಣ್ಣ ಹೊಡೆದು, ಅರ್ಥಿಂಗ್ ವೈರನ್ನು ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಬಣ್ಣದ ಮೂಲಕ ಕರೆಂಟು ಹರಿಯುತ್ತದೆಯೇ? ನಾಲ್ಕು ಕಡೆ ಕೆರೆದು, ಹಳೆ ಪಟ್ಟಿ ಬಿಸಾಕಿ ಹೊಸ ತಾಮ್ರದ ಪಟ್ಟಿ ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ ಮೇಲೆ ಸರಿಹೋಯಿತು.

ಎರಡನೇ ಮಳೆಗಾಲದ್ದು ನಗುವ ವಿಷಯವಲ್ಲ. ಮೀನು ಮಾರ್ಕೆಟ್ ಹತ್ತಿರ ಗಾಡಿ ಹಿಂದೆ ತಗೊಳ್ಳುತ್ತಿದ್ದೆ. ಬ್ರೇಕ್ ಪೆಡಲ್ ನೆಲಕ್ಕೆ ಇಳಿದುಬಿಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ನೋಡಿದರೆ, ಹಿಂದಿನ ಚಕ್ರಗಳಿಗೆ ಹೋಗುವ ಕಬ್ಬಿಣದ ಬ್ರೇಕ್ ಪೈಪು ಕ್ಲಿಪ್ಪಿನ ಕೆಳಗೆ ತೂತಾಗಿತ್ತು. ಹೊಸ ಪೈಪು ಅಂತ ಬಿಲ್ಲಿನಲ್ಲಿ ಇತ್ತು. ಹಾಕಿದ್ದು ಅಪ್ಪನ ಗಾಡಿಯದೇ, ಮೇಲೆ ಕರಿ ಬಣ್ಣ ಅಷ್ಟೇ. ಗ್ಯಾರೇಜಿನವರು ಫೋನಿನಲ್ಲಿ "ಹುಡುಗರು ತಪ್ಪು ಮಾಡಿರಬೇಕು" ಅಂದರು. ಆಮೇಲೆ ಅವರ ಬಾಗಿಲು ತುಳಿದಿಲ್ಲ. ಬೇರೆ ಕಡೆ ತಾಮ್ರ-ನಿಕಲ್ ಮಿಶ್ರಣದ ಪೈಪು ಹಾಕಿಸಿದೆ. ಅದಕ್ಕೆ ಜಂಗು ಹಿಡಿಯಲ್ಲ. ಖರ್ಚು ನಾಲ್ಕೂವರೆ ಸಾವಿರ. ನೀವು ಇಂಥ ಕೆಲಸ ಮಾಡಿಸುತ್ತಿದ್ದರೆ, ಬಾಡಿ ಕೂರಿಸುವ ಮೊದಲು ನಿಮ್ಮ ಕಣ್ಣೆದುರಿಗೇ ಪೈಪು ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಕೈ ಹೋಗುವುದಿಲ್ಲ.

ಮೂರನೇ ವರ್ಷ ಡ್ರೈವರ್ ಸೀಟಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಕೆರೆದರೆ ಒಳಗೆ ಪುಟ್ಟಿ, ಪುಟ್ಟಿಯ ಹಿಂದೆ ಜಂಗು. ಜೊತೆಗೆ ಕೆಳಗಿನಿಂದ ದಪ್ಪ ಡಾಂಬರಿನಂಥ ಕೋಟಿಂಗ್ ಬಳಿದು, ನೀರು ಹೋಗುವ ತೂತುಗಳನ್ನೇ ಮುಚ್ಚಿದ್ದರು. ಸಾಫ್ಟ್ ಟಾಪ್‌ನಲ್ಲಿ ಮಳೆ ನೀರು ಒಳಗೆ ಬರುವುದು ಗ್ಯಾರಂಟಿ. ಅದು ಹೊರಗೆ ಹೋಗಲು ದಾರಿ ಬೇಡವೇ? ಆ ಕೋಟಿಂಗ್ ನೋಡಲು ಚೆಂದ. ಆದರೆ ಒಂದು ಕಡೆ ಸೀಳಿದರೆ ನೀರು ಅದರ ಹಿಂದೆ ಸೇರಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಎಲ್ಲಾ ಕೆರೆದು ತೆಗೆಸಿದೆ. ಈಗ ಅಲ್ಲಿ ಬರೀ ವ್ಯಾಕ್ಸ್. ಕೈಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ, ಕೊಳಕಾಗಿ ಕಾಣುತ್ತದೆ. ಕೆಲಸ ಮಾತ್ರ ಮಾಡುತ್ತದೆ.

ಓಡಿಸಲು ಹೇಗಿದೆ ಅಂದರೆ, ಜಿಪ್ಸಿ ಜಿಪ್ಸಿಯೇ. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ, ನಾಲ್ಕೂ ಕಡೆ ಪಾಟಾ. ಸ್ಪೀಡ್ ಬ್ರೇಕರ್ ಮೇಲೆ ಹೊಟ್ಟೆಯ ಊಟ ಗಂಟಲಿಗೆ. ಆದರೆ 1.3 ಲೀಟರಿನ ಎಂಪಿಎಫ್‌ಐ ಎಂಜಿನ್, 80 ಕುದುರೆ ಶಕ್ತಿ, ಒಂದು ಸಾವಿರ ಕಿಲೋ ಮುಟ್ಟದ ಗಾಡಿ. ಅಪ್ಪನ ಹಳೆ ಕಾರ್ಬ್ಯುರೇಟರ್ ಎಂಜಿನ್ ಚೋರ್ಲಾ ಘಾಟಿನಲ್ಲಿ ಏದುಸಿರು ಬಿಡುತ್ತಿತ್ತು. ಇದು ಮೂರನೇ ಗೇರಿನಲ್ಲೇ ಹತ್ತುತ್ತದೆ. ನೇತ್ರಾವಳಿ ಕಡೆಯ ಕೆಂಪು ಕೆಸರಿನಲ್ಲಿ ಮುಂದಿನ ಚಕ್ರಗಳಿಗೂ ಶಕ್ತಿ ಹೋಗುವಂತೆ ಹಬ್ ಲಾಕ್ ಮಾಡಿ ಲೋ ಗೇರ್ ಹಾಕಿದರೆ, ದೊಡ್ಡ ದೊಡ್ಡ ಗಾಡಿಗಳು ಹೂತು ನಿಂತ ಕಡೆ ಇದು ಆಡಿನ ಹಾಗೆ ಹೋಗುತ್ತದೆ. ಮೈಲೇಜು ಊರೊಳಗೆ 10, ಹೆದ್ದಾರಿಯಲ್ಲಿ 12. ಬೀಚ್ ಮೇಲೆ ಓಡಿಸಿದ್ದೀಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಗೋವಾದಲ್ಲಿ ಅದು ಅಪರಾಧ. ಮತ್ತೆ, ಇಷ್ಟೆಲ್ಲಾ ಆದ ಮೇಲೂ ಉಪ್ಪು ನೀರಿಗೆ ಇಳಿಸುವಷ್ಟು ದಡ್ಡ ನಾನಲ್ಲ.

ಮಾರುತಿ ಕಂಪನಿ 2019ರಲ್ಲಿ ಜನಸಾಮಾನ್ಯರಿಗೆ ಜಿಪ್ಸಿ ಮಾರುವುದನ್ನು ನಿಲ್ಲಿಸಿತು. ಸೈನ್ಯದಲ್ಲಿ ಇದು ಬಹಳ ಓಡಿದ ಗಾಡಿ. ನನಗೆ ಇಲ್ಲಿತನಕ ಎಂಜಿನ್, ಗೇರ್, ಬ್ರೇಕಿನ ಸಾಮಾನಿಗೆ ಬರ ಬಂದಿಲ್ಲ. ಸೀಟು, ಹುಡ್, ಬಾಗಿಲಿನ ರಬ್ಬರಿಗೆ ಪರದಾಡಿದ್ದೇನೆ.

ಖರ್ಚು: ಟಿಕೋಟಾದ ಗಾಡಿ 1,35,000. ಟೆಂಪೋದಲ್ಲಿ ಅನಮೋಡ ಘಾಟ್ ಇಳಿಸಿ ತಂದದ್ದು 18,000. ಉಳಿದದ್ದೆಲ್ಲ ಸೇರಿ, ತೆರಿಗೆಯೂ ಸೇರಿ, 4,70,000 ದಾಟಿತು. ಅದರ ಮೇಲೆ ಮೂರು ವರ್ಷದ ರಿಪೇರಿ 60,000 ಚಿಲ್ಲರೆ. 2023ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ 5,000. ಅದು ಹಿಂದೆ 600 ಇತ್ತು, 2022ರ ಏಪ್ರಿಲ್‌ನಲ್ಲಿ ಏರಿಸಿದರು. ಮಾವ ಹೇಳಿದ ಲೆಕ್ಕವೇ ಸರಿ. ಮಾರಲು ಹೋದರೆ ಅರ್ಧವೂ ಹುಟ್ಟಲ್ಲ. ಮತ್ತೆ ಮಾಡಿಸುತ್ತೇನಾ ಅಂದರೆ, ಹೌದು. ಆದರೆ ಗ್ಯಾರೇಜಿನ ಕೆಲಸದವರನ್ನು ನಂಬಿ ಆರು ತಿಂಗಳು ಗಾಡಿ ಬಿಟ್ಟು ಬರಲ್ಲ. ವಾರಕ್ಕೆ ಎರಡು ಸಲ ಹೋಗಿ ಗಾಡಿ ಕೆಳಗೆ ಮಲಗುತ್ತೇನೆ. ರಬ್ಬರ್ ಬುಶ್, ಪೈಪು, ಹೋಸು, ಅರ್ಥಿಂಗ್ ಪಟ್ಟಿ, ಇವನ್ನು ಕಣ್ಣು ಮುಚ್ಚಿ ಹೊಸದೇ ಹಾಕಿಸುತ್ತೇನೆ. ಎಲ್ಲಾ ಸೇರಿ ಹದಿನೈದು ಸಾವಿರದ ಸಾಮಾನು. ಅದನ್ನು ಉಳಿಸಲು ಹೋಗಿ ಅದರ ನಾಲ್ಕು ಪಟ್ಟು ಕೊಟ್ಟಿದ್ದೇನೆ.

ಈಗ ಭಾನುವಾರದ ಪಾಲಿಶ್ ಮತ್ತೆ ಶುರುವಾಗಿದೆ. ಅಪ್ಪ ಮೇಲೆ ಉಜ್ಜುತ್ತಾರೆ, ನಾನು ಕೆಳಗೆ ನೀರು ಬಿಡುತ್ತೇನೆ. ಬಿಳಿ ಬಣ್ಣದ ಬಗ್ಗೆ ಅವರು ಮಾತಾಡುವುದಿಲ್ಲ. ಮೊನ್ನೆ ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಪುಸ್ತಕ ತೆರೆದು ಗಾಡಿ ನಂಬರು ಕೇಳಿದ. ಅಪ್ಪ ತಡವರಿಸದೆ 1998ರ ನಂಬರು ಹೇಳಿದರು. ಅವನು ಬರೆದುಕೊಂಡ. ನಾನು ತಿದ್ದಲಿಲ್ಲ.